ರಾಜಾಸೀಟಿನ ಆಚೆಗೂ ಒಂದು ಮಡಿಕೇರಿ

ಶನಿವಾರ ಮಧ್ಯಾಹ್ನವಾಯಿತೆಂದರೆ ಬೆಂಗಳೂರು, ಮೈಸೂರು ಕಡೆಯ ಕಾರು, ಟಿ.ಟಿ.ಗಳು ಒಂದರ ಹಿಂದೊಂದು ಮಡಿಕೇರಿಗೆ ಏರಿ ಬರುತ್ತವೆ. ಬಂದವರ ಪಟ್ಟಿಯೂ ಹೆಚ್ಚುಕಡಿಮೆ ಒಂದೇ. ಅಬ್ಬಿ ಜಲಪಾತ, ಸಂಜೆಗೆ ರಾಜಾಸೀಟ್, ಹೊರಡುವ ಮುನ್ನ ಕಾಫಿಪುಡಿ, ಕರಿಮೆಣಸು, ಜೇನು. ಅಲ್ಲಿಗೆ ಮಡಿಕೇರಿ ಮುಗಿಯಿತು.

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಕಟ್ಟಿಕೊಂಡ ಈ ರಾಜಧಾನಿಯಲ್ಲಿ ನೋಡಬೇಕಾದ್ದು ಬಹುಪಾಲು ಪೇಟೆಯ ಆಸುಪಾಸಿನಲ್ಲೇ ಇದೆ. ಏರಿಳಿತಕ್ಕೆ ಕಾಲು ಒಪ್ಪುವವರಿಗೆ ಕಾರಿನ ಹಂಗೂ ಬೇಡ.

ಶುರು ಮಾಡಬೇಕಾದ್ದು ಕೋಟೆಯಿಂದ. ಮುದ್ದುರಾಜನ ಕಾಲಕ್ಕೆ ಅದು ಮಣ್ಣಿನ ಕೋಟೆ. ಕೊಡಗನ್ನು ಹಿಡಿದ ಟಿಪ್ಪು ಸುಲ್ತಾನ್ ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. 1790ರಲ್ಲಿ ಹಾಲೇರಿ ಅರಸ ದೊಡ್ಡ ವೀರರಾಜೇಂದ್ರ ಅದನ್ನು ಮರಳಿ ಪಡೆದ. ಒಳಗಿನ ಅರಮನೆಗೆ ಈಗಿನ ರೂಪ ಬಂದದ್ದು 1812–14ರಲ್ಲಿ, ಅವನ ತಮ್ಮ ಲಿಂಗರಾಜೇಂದ್ರನಿಂದ. ಬ್ರಿಟಿಷರು ಬಂದ ಮೇಲೆ ಅದೇ ಆವರಣದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಎದ್ದಿತು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಅರಮನೆಯಲ್ಲಂತೂ ಬಹುಕಾಲ ಜಿಲ್ಲಾಡಳಿತದ ಕಚೇರಿಗಳಿದ್ದವು. ರಾಜನಿಗೆ ಅಹವಾಲು ಹೇಳಿಕೊಳ್ಳುತ್ತಿದ್ದಲ್ಲೇ ಪಹಣಿಗೂ ಅಲೆದವರು ಕೊಡಗಿನಲ್ಲಿ ಕಡಿಮೆಯಿಲ್ಲ.

ಅಂಗಳದ ಮೂಲೆಯಲ್ಲಿ ಗಾರೆಯ ಎರಡು ಆನೆಗಳು ನಿಂತಿವೆ, ನಿಜವಾದ ಆನೆಯಷ್ಟೇ ಎತ್ತರ. ಬೆಳಿಗ್ಗೆ ಬಂದು ಸಲಾಮು ಮಾಡದ ಆನೆಗಳನ್ನು ರಾಜ ಸಿಟ್ಟಿನಲ್ಲಿ ಕೊಂದನಂತೆ, ಆಮೇಲೆ ಮರುಗಿ ಈ ಪ್ರತಿಮೆಗಳನ್ನು ಮಾಡಿಸಿದನಂತೆ. ಗೈಡುಗಳ ಬಾಯಲ್ಲಿ ಈ ಕಥೆ ದಿನಕ್ಕೊಂದು ಬಣ್ಣ ಪಡೆಯುತ್ತದೆ. ಅಷ್ಟಾಗಿ ಕೇಳಿಬರದ ಸಂಗತಿ ಇನ್ನೊಂದಿದೆ: ಬ್ರಿಟಿಷರ ವಿರುದ್ಧ ಎದ್ದ ಅಮರಸುಳ್ಯ ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ.

ಕೋಟೆಯಿಂದ ಇಳಿದು ಓಂಕಾರೇಶ್ವರಕ್ಕೆ ಬಂದರೆ, ಮೊದಲ ಸಲ ನೋಡುವವರು ಒಂದು ಕ್ಷಣ ಗೊಂದಲಕ್ಕೆ ಬೀಳುವುದು ಸಹಜ. ಗೋಪುರದ ಜಾಗದಲ್ಲಿ ಗುಮ್ಮಟ, ನಾಲ್ಕು ಮೂಲೆಗೆ ಮಿನಾರು. ತುದಿಯಲ್ಲಿ ಗಾಳಿಯ ದಿಕ್ಕು ತೋರುವ ಗಾಳಿಕೋಳಿ! ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಶಿವಾಲಯವಿದು. ಬ್ರಹ್ಮಹತ್ಯೆಯ ದೋಷ ಕಳೆದುಕೊಳ್ಳಲು ಕಾಶಿಯಿಂದ ಲಿಂಗ ತರಿಸಿದನೆಂದು ಊರಿನ ಹಿರಿಯರು ಹೇಳುತ್ತಾರೆ. ಎದುರಿನ ಕಲ್ಯಾಣಿಯ ನಡುವೆ ಪುಟ್ಟ ಮಂಟಪ, ಅದಕ್ಕೊಂದು ಕಾಲುದಾರಿ. ಭಕ್ತರು ಮೀನಿಗೆ ಪುರಿ ಹಾಕುತ್ತ ನಿಲ್ಲುವುದು ಇಲ್ಲೇ.

ಇದೇ ವಿನ್ಯಾಸವನ್ನು ಗದ್ದುಗೆಯಲ್ಲಿ ಇನ್ನೂ ಹತ್ತಿರದಿಂದ ನೋಡಬಹುದು. ಮಹದೇವಪೇಟೆಯ ಮೇಲಿನ ದಿಬ್ಬದಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನ ಸಮಾಧಿ. ಪಕ್ಕದಲ್ಲಿ ಲಿಂಗರಾಜೇಂದ್ರನದು, ಮಗ ಚಿಕ್ಕವೀರರಾಜೇಂದ್ರ ಕಟ್ಟಿಸಿದ್ದು. ಮೂರನೆಯದು ರಾಜಗುರು ರುದ್ರಪ್ಪನದು. ದೂರಕ್ಕೆ ಮುಸಲ್ಮಾನ ದೊರೆಗಳ ಗೋರಿಯಂತೆ ಕಾಣುವ ಕಟ್ಟಡದ ಹತ್ತಿರ ಹೋಗಿ ತಲೆಯೆತ್ತಿದರೆ ಮಾಳಿಗೆಯ ಮೂಲೆಗಳಲ್ಲಿ ಬಸವಣ್ಣ ಕುಳಿತಿರುತ್ತಾನೆ. ಹಾಲೇರಿ ಅರಸರು ಲಿಂಗಾಯತರು. ರಾಜನ ಸೇನಾನಿಗಳಾದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಇದೇ ಆವರಣದಲ್ಲಿವೆ. ಇಲ್ಲದ್ದು ಕೊನೆಯ ರಾಜನದ್ದು. 1834ರಲ್ಲಿ ರಾಜ್ಯ ಕಳೆದುಕೊಂಡ ಚಿಕ್ಕವೀರರಾಜೇಂದ್ರ ಕಾಶಿ ಸೇರಿ, 1852ರಲ್ಲಿ ಮಗಳು ಗೌರಮ್ಮನೊಂದಿಗೆ ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿಯೇ ಆ ಹುಡುಗಿಯ ದೀಕ್ಷಾಮಾತೆಯಾದಳು. ಅವನು ಲಂಡನ್ನಿನಲ್ಲೇ 1859ರಲ್ಲಿ ತೀರಿಕೊಂಡ.

ಅಬ್ಬಿಗೆ ಹೋಗುವ ವಾಹನಗಳು ಈ ಮಹದೇವಪೇಟೆಯ ಮೂಲಕವೇ ಸಾಗುತ್ತವೆ. ಗದ್ದುಗೆಗೆ ನಿಲ್ಲುವವರು ಮಾತ್ರ ವಿರಳ. ಜಲಪಾತ ನೋಡಬಾರದೆಂದಲ್ಲ, ಕಾಫಿ ತೋಟದ ನಡುವೆ ಮೆಟ್ಟಿಲಿಳಿದು ಮಳೆಗಾಲದ ಅಬ್ಬಿಯ ಎದುರು ನಿಂತರೆ ಪಕ್ಕದವರ ಮಾತೂ ಕೇಳಿಸದು. ಬೇಸಿಗೆಯಲ್ಲಿ ಹೋದವರಿಗೆ ಬಂಡೆಯೇ ಹೆಚ್ಚು ಕಂಡೀತು.

ರಾಜಾಸೀಟಿನ ಬಗ್ಗೆ ಹೇಳುವುದು ಕಡಿಮೆಯೇ. ನಾಲ್ಕು ಕಂಬಗಳ ಕಮಾನು ಮಂಟಪ, ಉದ್ಯಾನ, ಕೆಳಗೆ ಕಣಿವೆ, ತಿರುವು ತಿರುವಾಗಿ ಇಳಿಯುವ ಮಂಗಳೂರು ರಸ್ತೆ. ಸೂರ್ಯಾಸ್ತಕ್ಕಿಂತ ಮೊಬೈಲುಗಳೇ ಹೆಚ್ಚು ಕಾಣುವ ವಾರಾಂತ್ಯ ಬಿಟ್ಟು, ವಾರದ ನಡುವೆ ಬೆಳಿಗ್ಗೆ ಹೋಗುವುದು ಲೇಸು.

ಇತ್ತೀಚೆಗೆ ಪಟ್ಟಿಗೆ ಸೇರಿರುವುದು ಸನ್ನಿಸೈಡ್. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಮನೆ ಇದು. ವರ್ಷಗಟ್ಟಲೆ ಆರ್‌ಟಿಒ ಕಚೇರಿಯಾಗಿದ್ದ ಈ ಕಟ್ಟಡವನ್ನು ದುರಸ್ತಿ ಮಾಡಿ, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ್ ಕೋವಿಂದ್ ಅವರಿಂದ ಸಂಗ್ರಹಾಲಯವಾಗಿ ಉದ್ಘಾಟಿಸಲಾಯಿತು. ಲೈಸೆನ್ಸಿಗಾಗಿ ಜನ ಸಾಲು ನಿಂತಿದ್ದ ಮನೆಗೆ ಈಗ ಶಾಲಾ ಮಕ್ಕಳು ಸಾಲಾಗಿ ಬರುತ್ತಾರೆ.

ಇಡೀ ಊರನ್ನು ಒಟ್ಟಿಗೆ ನೋಡುವ ಆಸೆಯಿದ್ದರೆ ದಸರಾಕ್ಕೆ ಬರಬೇಕು. ನಾಲ್ಕು ಮಾರಿಯಮ್ಮ ದೇವಾಲಯಗಳ ಕರಗಗಳು ನವರಾತ್ರಿಯಲ್ಲಿ ಮನೆಮನೆಗೆ ಸಾಗುತ್ತವೆ. ವಿಜಯದಶಮಿಯ ರಾತ್ರಿ ಮೆರವಣಿಗೆಯ ಹತ್ತು ಮಂಟಪಗಳು ದೀಪ, ಹೊಗೆ, ಓಡಾಡುವ ಅಸುರರೊಂದಿಗೆ ಬೀದಿಗಿಳಿದು ಬೆಳಗಾಗುವವರೆಗೂ ನಡೆಯುತ್ತವೆ. ಸ್ವೆಟರ್ ಮರೆಯಬಾರದು, ಲಾಡ್ಜು, ಹೋಮ್‌ಸ್ಟೇಗಳಲ್ಲಿ ಕೋಣೆಯನ್ನು ಬಹಳ ಮೊದಲೇ ಕೇಳಿಡಬೇಕು.