ಹಳೆಯ ಜೀಪು: ಕೊಳ್ಳುವ ಮುನ್ನ, ಕೊಂಡ ಮೇಲೆ

ದೊಡ್ಡನೆಕ್ಕುಂದಿಯಲ್ಲಿ ಈಗ ರಾಗಿ ಹೊಲಗಳು ಉಳಿದಿಲ್ಲ. ಜಮೀನು ಮಾರಿದವರಲ್ಲಿ ಕೆಲವರು ಹೊಸಕೋಟೆ, ಮಾಲೂರು ಕಡೆ ಹೊಲ ಕೊಂಡು ಬೇಸಾಯವನ್ನು ಮುಂದುವರಿಸಿದ್ದಾರೆ. ಮನೆ ಇಲ್ಲಿ, ಹೊಲ ಅಲ್ಲಿ. ಕೃಷ್ಣರಾಜಪುರ ದಾಟಿ ಹಳೆಯ ಮದರಾಸು ರಸ್ತೆ ಹಿಡಿದರೆ ಹೊಸಕೋಟೆಯವರೆಗೆ ಯಾವ ತೊಂದರೆಯೂ ಇಲ್ಲ. ಅಲ್ಲಿಂದ ಒಳಗೆ ಬಂಡಿ ಜಾಡಿಗೆ ಇಳಿದರೆ ಮಾತ್ರ ಮಳೆಗಾಲದ ಕೆಂಪು ಮಣ್ಣಿನ ಕೆಸರಿನಲ್ಲಿ ಸಾಮಾನ್ಯ ಕಾರು ಹೂತು ನಿಲ್ಲುತ್ತದೆ. ಆದುದರಿಂದಲೇ, ನಾಲ್ಕು ಚಕ್ರಕ್ಕೂ ಚಾಲನೆಯಿರುವ ಹಳೆಯ ಜೀಪೊಂದನ್ನು ಕೊಂಡು ದಿನವೂ ಓಡಿಸಬಹುದೇ ಎಂದು ರೈತರು ಕೇಳುವುದುಂಟು. ನಾನು ಬೇಸಾಯ ಶಾಸ್ತ್ರ ಕಲಿಸುವವನು, ಯಂತ್ರ ಬಲ್ಲವನಲ್ಲ. ಆದರೂ ಪ್ರಾತ್ಯಕ್ಷಿಕೆ ತಾಕುಗಳಿಗೆ ಅಂಥದೇ ಜೀಪಿನಲ್ಲಿ ಓಡಾಡುವವನಾದ್ದರಿಂದ, ಪಟ್ಟ ಪಾಡಿನಿಂದ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಓಡಿಸಬಹುದು. ಆದರೆ ಬಹುಪಾಲು ಜನ ಎಂಜಿನ್ನಿನ ಸದ್ದು ಕೇಳಿ, ಹೊಸ ಬಣ್ಣ ನೋಡಿ ಮರುಳಾಗಿ ಕೊಳ್ಳುತ್ತಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಸರಿಪಡಿಸಬಹುದು. ಕೊಳೆತ ಚಾಸಿಯನ್ನೂ ತಾಳೆಯಾಗದ ಕಾಗದವನ್ನೂ ಸರಿಪಡಿಸುವುದು ಬಹು ಕಷ್ಟ. ನಮ್ಮ ಬೀದಿಯ ರೈತರೊಬ್ಬರು ಗಡಿಯಾಚೆಯಿಂದ ಒಂದು ಜೀಪು ತಂದರು. ಎಂಜಿನ್ ಗಡಿಯಾರದಂತೆ ಓಡುತ್ತಿತ್ತು. ಚಾಸಿಯ ಮೇಲಿನ ಸಂಖ್ಯೆಗೂ ಆರ್.ಸಿ. ಪುಸ್ತಕದ ಸಂಖ್ಯೆಗೂ ಎರಡು ಅಂಕಿ ವ್ಯತ್ಯಾಸ. ಒಂದು ಎಕರೆ ಟೊಮ್ಯಾಟೊ ಬೆಳೆಯ ಹಣ ಅದರಲ್ಲಿ ಹೋಯಿತು. ಇಂದಿಗೂ ಅದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದೆ. ಸೀಟಿನ ಕೆಳಗೆ ಕೋಳಿಗಳು ಮೊಟ್ಟೆಯಿಡುತ್ತವೆ.

ಯಾವ ಜೀಪು?

ನಮ್ಮ ಹಳ್ಳಿಗರಿಗೆ ಜೀಪಿನ ಪರಿಚಯವಾದದ್ದು ಬಿ.ಡಿ.ಓ. ಸಾಹೇಬರ ವಾಹನವಾಗಿ. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ವಿಸ್ತರಣಾ ಕೆಲಸವೆಲ್ಲ ಅದರ ಮೇಲೆಯೇ ನಡೆಯಿತು. ಮಹೀಂದ್ರ ಕಂಪನಿ ವಿಲ್ಲೀಸ್ ಮಾದರಿಯಂತೆ ತಯಾರಿಸಿದ ಸಿ.ಜೆ.3ಬಿ ಜೀಪಿನ ಮೂಲ ಎಂಜಿನ್ 2,199 ಸಿ.ಸಿ.ಯ ಪೆಟ್ರೋಲಿನದು. ನಂತರ ಬಂದ ಎಂ.ಎಂ.540ಕ್ಕೆ 2,112 ಸಿ.ಸಿ.ಯ ಪ್ಯೂಜೋ ಡೀಸೆಲ್ ಎಂಜಿನ್ ಇತ್ತು. ಮಾರುತಿ ಜಿಪ್ಸಿ 1985ರ ಡಿಸೆಂಬರಿನಲ್ಲಿ 970 ಸಿ.ಸಿ. ಎಂಜಿನ್ನಿನೊಡನೆ ಬಂತು, ಮುಂದೆ 1,298 ಸಿ.ಸಿ. ಆಯಿತು. ಜಿಪ್ಸಿ ಹಗುರ, ಕೆಸರಿನಲ್ಲಿ ಚುರುಕು. ಆದರೆ ಹಾಲಿನ ಕ್ಯಾನು, ಗೊಬ್ಬರದ ಮೂಟೆ ಹೇರುವವರಿಗೆ ಡೀಸೆಲ್ ಜೀಪೇ ಮೇಲೆಂದು ನನ್ನ ಅಭಿಪ್ರಾಯ.

ಒಂದು ಎಚ್ಚರಿಕೆ. ಜೀಪಿನ ಆಕಾರವಿದ್ದ ಮಾತ್ರಕ್ಕೆ ನಾಲ್ಕು ಚಕ್ರಕ್ಕೂ ಚಾಲನೆ ಇರುತ್ತದೆಂದು ತಿಳಿಯಬಾರದು. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಚಾಲನೆಯಿದ್ದ ಜೀಪುಗಳೂ ಬೇಕಾದಷ್ಟು ಮಾರಾಟವಾಗಿವೆ. ಬಗ್ಗಿ ಮುಂದಿನ ಆಕ್ಸಲ್ ನೋಡಿರಿ. ಕುಂಬಳಕಾಯಿಯಂಥ ಉಬ್ಬು ಇದ್ದು, ಮಧ್ಯದ ಗೇರ್ ಪೆಟ್ಟಿಗೆಯಿಂದ ಅದಕ್ಕೆ ಷಾಫ್ಟ್ ಬಂದಿರಬೇಕು. ಬರಿಯ ಅಡ್ಡ ಕಂಬಿ ಇದ್ದರೆ ಅದು ಎರಡು ಚಕ್ರದ್ದು.

ಪರೀಕ್ಷಿಸುವ ವಿಧಾನ

ಎತ್ತು ಕೊಳ್ಳುವಾಗ ಮೈಯ ಹೊಳಪು ನೋಡದೆ ಹಲ್ಲು ಎಣಿಸುತ್ತೇವಲ್ಲವೇ? ಜೀಪಿಗೆ ಹಲ್ಲೆಂದರೆ ಚಾಸಿ. ಸಣ್ಣ ಸುತ್ತಿಗೆಯೊಂದನ್ನು ತೆಗೆದುಕೊಂಡು ಹೋಗಿರಿ. ಕಮಾನು ಪಟ್ಟಿಗಳು ಚಾಸಿಗೆ ಸೇರುವ ಕಡೆ, ಅಡ್ಡ ತೊಲೆಗಳ ಸಂದು, ಸ್ಟೇರಿಂಗ್ ಪೆಟ್ಟಿಗೆ ಕೂತಿರುವ ಜಾಗ, ಇಷ್ಟನ್ನೂ ತಟ್ಟಿ ನೋಡಬೇಕು. ಗಟ್ಟಿ ಉಕ್ಕು ಗಂಟೆಯಂತೆ ನುಡಿಯುತ್ತದೆ. ತುಕ್ಕು ತಿಂದ ಕಡೆ ಮಡಕೆ ಒಡೆದ ಸದ್ದು ಬರುತ್ತದೆ. ದಪ್ಪ ಟಾರು ಬಳಿದಿದ್ದರೆ ಅದರ ಕೆಳಗೆ ಏನಿದೆಯೆಂದು ಕೆರೆದು ನೋಡದೆ ಬಿಡಬೇಡಿ. ಹೊಸ ಬೆಸುಗೆ ಕಂಡರೆ ಏಕೆ ಹಾಕಿಸಿದರೆಂದು ಕೇಳಿರಿ.

ಬಳಿಕ ನಾಲ್ಕು ಚಕ್ರ ಚಾಲನೆಯ ಪರೀಕ್ಷೆ. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಎರಡನ್ನೂ ಜಾಕಿಯಿಂದ ಎತ್ತಿ, ಆಕ್ಸಲ್ ಕೆಳಗೆ ಭದ್ರವಾದ ಆಸರೆ ಕೊಡಿರಿ. ಎಂಜಿನ್ ನಿಲ್ಲಿಸಿ, ಒಂದನೆಯ ಗೇರಿನಲ್ಲಿಟ್ಟು, ಮುಂಚಕ್ರದ ಲಿವರನ್ನು ಸೇರಿಸಬೇಕು. ಚಕ್ರದ ನಡುವೆ ತಿರುಗಿಸಿ ಬಿಡಿಸುವ ಹಬ್ ಇದ್ದರೆ ಅದನ್ನೂ ಲಾಕ್ ಮಾಡಿರಿ. ಈಗ ಒಂದು ಮುಂಚಕ್ರವನ್ನು ಕೈಯಿಂದ ತಿರುಗಿಸಿದರೆ ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು, ಷಾಫ್ಟ್ ಅಲುಗಬಾರದು. ಇನ್ನೊಂದು ಚಕ್ರ ಸುಮ್ಮನಿದ್ದರೆ ಅಥವಾ ಷಾಫ್ಟ್ ಸರಾಗವಾಗಿ ಸುತ್ತಿದರೆ ಒಳಗೆ ಏನೋ ತುಂಡಾಗಿದೆ.

ಎಂಜಿನ್ನನ್ನು ತಣ್ಣಗಿರುವಾಗಲೇ ಶುರು ಮಾಡಿಸಬೇಕು. ನೀವು ಹೋಗುವ ಮುನ್ನವೇ ಬಿಸಿ ಮಾಡಿಟ್ಟಿದ್ದರೆ ಮತ್ತೊಂದು ದಿನ ಹೋಗಿರಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಯಿಲ್ ಹಾಲು ಬೆರೆತ ಚಹದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಸೇರಿದೆ. ಇವು ಬೆಲೆ ಇಳಿಸಲು ಕಾರಣಗಳು, ಬಿಟ್ಟು ಬರಲು ಅಲ್ಲ.

ಕಾಗದಪತ್ರ

1988ರ ಮೋಟಾರು ವಾಹನ ಕಾಯಿದೆಯಂತೆ ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮ ಜನ ಇದನ್ನು ಎಫ್.ಸಿ. ಎನ್ನುತ್ತಾರೆ. ಈ ಶುಲ್ಕ ಕಾರು, ಜೀಪುಗಳಿಗೆ 2022ರ ಏಪ್ರಿಲ್ 1ರಿಂದ ₹5,000ಕ್ಕೆ ಏರಿತು. 20 ವರ್ಷ ದಾಟಿದವಕ್ಕೆ 2025ರ ಆಗಸ್ಟಿನಲ್ಲಿ ₹10,000 ಆಯಿತು. ಹಸಿರು ತೆರಿಗೆ ಬೇರೆ. ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದೆಂಬ ಮಾತು ದೆಹಲಿ ಸುತ್ತಿನ ಪ್ರದೇಶದ್ದು, ಕರ್ನಾಟಕದ್ದಲ್ಲ.

ವರ್ಗಾವಣೆಗೆ 29 ಮತ್ತು 30ನೆಯ ನಮೂನೆ. ಹೊಸೂರು, ಕೃಷ್ಣಗಿರಿ ಕಡೆಯ ಗಾಡಿಯಾದರೆ ಅಲ್ಲಿಯ ಆರ್.ಟಿ.ಓ. ಕಛೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿಯ ತೆರಿಗೆ ಕಟ್ಟಬೇಕು. ಸೈನ್ಯದ ಹರಾಜಿನ ಜೀಪೆಂದು ಹೇಳಿದರೆ 21ನೆಯ ನಮೂನೆಯ ಮೂಲ ಮಾರಾಟ ಪತ್ರ ಕೇಳಿರಿ. ಜೆರಾಕ್ಸ್ ತೋರಿಸಿದರೆ ಎದ್ದು ಬನ್ನಿರಿ. ಎಂ.ವೈ. ಮೊದಲಾದ ಹಳೆಯ ಅಕ್ಷರಗಳ ಸಂಖ್ಯೆಯಿದ್ದರೆ ದಾಖಲೆ ಕಂಪ್ಯೂಟರಿಗೆ ಏರಿದೆಯೇ ಎಂದು ಮೊದಲೇ ವಿಚಾರಿಸತಕ್ಕದ್ದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಿದ ಜೀಪುಗಳು ನಮ್ಮ ಕಡೆ ಬಹಳ. ಆ ಬದಲಾವಣೆ ಆರ್.ಸಿ.ಯಲ್ಲಿ ದಾಖಲಾಗಿರಲೇಬೇಕು. ವಾಹನವನ್ನು ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ.

ಮೊದಲು ಬ್ರೇಕು

ಜೀಪು ಮನೆಗೆ ಬಂದ ಮೇಲೆ ಎಲ್ಲರೂ ಎಂಜಿನ್ ಶುರು ಮಾಡಲು ಆತುರಪಡುತ್ತಾರೆ. ನಾನೂ ಪಟ್ಟೆ. ಶುರುವಾದ ಸಂಭ್ರಮದಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಇಳಿಜಾರಿನಲ್ಲಿ ಪೆಡಲ್ ಒತ್ತಿದರೆ ಅದು ನೆಲಕ್ಕೇ ಇಳಿಯಿತು. ಗೇರ್ ಇಳಿಸಿ, ರಸ್ತೆ ಬದಿಯ ಮರಳು ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದೆ. ಮಗಳ ಹಣೆಗೆ ಸಣ್ಣ ಪೆಟ್ಟು ಬಿತ್ತು, ಅಷ್ಟಕ್ಕೇ ಮುಗಿಯಿತು. ಹಳೆಯ ಸಿ.ಜೆ. ಜೀಪುಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಕೊಳವೆ ಜಾಲ. ಒಂದು ರಬ್ಬರ್ ಹೊಟ್ಟೆ ಬಿರಿದರೆ ನಾಲ್ಕೂ ಬ್ರೇಕು ಹೋದಂತೆ. ಕೈ ಬ್ರೇಕು ಹಿಡಿಯುವುದು ಚಕ್ರವನ್ನಲ್ಲ, ಮಧ್ಯದ ಗೇರ್ ಪೆಟ್ಟಿಗೆಯ ಹಿಂದಿನ ಡ್ರಮ್ಮನ್ನು. ಷಾಫ್ಟ್ ಕಳಚಿದರೆ ಅದೂ ಇಲ್ಲ. ಆದುದರಿಂದ ಮಾಸ್ಟರ್ ಸಿಲಿಂಡರ್, ಚಕ್ರದ ಸಿಲಿಂಡರುಗಳು, ರಬ್ಬರ್ ಹೋಸು, ಲೈನರ್, ಆಯಿಲ್ ಎಲ್ಲವನ್ನೂ ಹೊಸದಾಗಿ ಹಾಕಿಸಿದ ಮೇಲೆಯೇ ಗೇಟು ದಾಟಬೇಕು.

ಎರಡನೆಯದು ಸ್ಟೇರಿಂಗ್. ಕಿಂಗ್‌ಪಿನ್ ಬೇರಿಂಗು, ಟೈರಾಡ್ ಕೊನೆಗಳು ಸವೆದಿದ್ದರೆ ವೇಗ ಏರಿದಾಗ ಒಂದು ಗುಂಡಿ ತಾಕಿದರೆ ಸಾಕು, ಮುಂಚಕ್ರಗಳು ದೆವ್ವ ಹಿಡಿದಂತೆ ಅಲ್ಲಾಡತೊಡಗುತ್ತವೆ. ಆಮೇಲೆ ಟೈರು. ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಗುಂಡಿ ಆಳವಾಗಿದ್ದರೂ ಹತ್ತು ವರ್ಷದ ಟೈರನ್ನು ನಂಬಬಾರದು. ನಾಲ್ಕೂ ಒಂದೇ ಅಳತೆಯವಾಗಿರತಕ್ಕದ್ದು. ಇಲ್ಲವಾದರೆ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದರೊಡನೊಂದು ಜಗ್ಗಾಡಿ ಗೇರುಗಳನ್ನು ತಿನ್ನುತ್ತವೆ.

ಪೆಟ್ರೋಲ್ ಜೀಪಿಗೆ ಈಗ ಹೊಸ ತೊಂದರೆಯೊಂದಿದೆ. ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ಅದು ಒಳ್ಳೆಯದೇ. ಹಳೆಯ ಪಂಪಿನ ರಬ್ಬರಿಗೆ ಅಲ್ಲ. ಹೋಸು, ಪಂಪಿನ ಪರದೆಗಳನ್ನು ಎಥನಾಲ್ ತಾಳುವ ರಬ್ಬರಿನವಕ್ಕೆ ಬದಲಾಯಿಸಿ, ಟ್ಯಾಂಕಿಯನ್ನು ಇಳಿಸಿ ತುಕ್ಕು ತೊಳೆಸಬೇಕು. ಹಳೆಯ ವೈರಿಂಗನ್ನು ತೇಪೆ ಹಾಕದೆ ಪೂರ್ತಿ ಬದಲಿಸಿದರೆ ಬೆಂಕಿಯ ಭಯವಿಲ್ಲ. ಎಂಜಿನ್ ಬಿಚ್ಚುವ ಮಾತು ಇಷ್ಟೆಲ್ಲ ಆದ ಮೇಲೆ.

ಬಿಡಿಭಾಗಗಳಿಗೆ ಶಿವಾಜಿನಗರದ ಗುಜರಿಯೂ ಜೆ.ಸಿ. ರಸ್ತೆಯ ಅಂಗಡಿಗಳೂ ಇವೆ. ಗುಜರಿಯಲ್ಲಿ ಗೇರ್ ಪೆಟ್ಟಿಗೆ, ಆಕ್ಸಲ್ ಕವಚ ಕೊಳ್ಳಬಹುದು. ಬ್ರೇಕು, ಸ್ಟೇರಿಂಗ್ ಭಾಗಗಳನ್ನು ಎಂದಿಗೂ ಹಳೆಯದು ಕೊಳ್ಳಬಾರದು. ಜೀಪಿಗೆ ಕೊಡುವಷ್ಟೇ ಹಣವನ್ನು ರಿಪೇರಿಗೆ ಬೇರೆ ಎತ್ತಿಡಿ. ಅದು ಕೈಯಲ್ಲಿಲ್ಲದೆ ಕೊಂಡರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ.

ಓಡಿಸುವ ಕ್ರಮ

ಮುಂಚಕ್ರದ ಚಾಲನೆಯನ್ನು ಒಣ ಟಾರು ರಸ್ತೆಯಲ್ಲಿ ಸೇರಿಸಬಾರದು. ತಿರುವಿನಲ್ಲಿ ಮುಂಚಕ್ರಗಳು ಹಿಂಚಕ್ರಗಳಿಗಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಾದರೆ ಚಕ್ರ ಜಾರಿ ಹೊಂದಿಕೊಳ್ಳುತ್ತದೆ, ಟಾರಿನ ಮೇಲೆ ಆಕ್ಸಲ್ ತಿರುಚುತ್ತದೆ. ಕೆಸರಿಗೆ ಇಳಿಯುವ ಮುನ್ನವೇ ಸೇರಿಸಿರಿ, ಹೂತ ಮೇಲಲ್ಲ. ಹೆದ್ದಾರಿಯಲ್ಲಿ ಗಂಟೆಗೆ 60 ಕಿ.ಮೀ. ಸಾಕು. ನೀರು ದಾಟಿದ ಮರುದಿನ ಆಕ್ಸಲ್‌ನ ಆಯಿಲ್ ತಿರುಪು ಬಿಚ್ಚಿ ನೋಡಿ, ಬೆಳ್ಳಗಿದ್ದರೆ ಬದಲಿಸಿರಿ. ಷಾಫ್ಟಿನ ಕೀಲುಗಳಿಗೆ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹಳೆಯ ಗ್ರೀಸು ಹೊರಬರುವವರೆಗೆ ಹೊಸದನ್ನು ತುಂಬಬೇಕು.