ದನಾಂಗ್‌ನಲ್ಲಿ ಇಂಗ್ಲಿಷ್ ಮೇಷ್ಟ್ರು, ಮಿ ಸನ್‌ನಲ್ಲಿ ವಿದ್ಯಾರ್ಥಿ

ಸಿವಿಲ್ ಇಂಜಿನಿಯರಿಂಗ್ ಓದುವವನು ವಿಯೆಟ್ನಾಂಗೆ ಹೋಗಿ ಇಂಗ್ಲಿಷ್ ಕಲಿಸುತ್ತೇನೆ ಅಂದಾಗ ಮನೆಯಲ್ಲಿ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ನಿನ್ನ ಇಂಗ್ಲಿಷ್ ಅಷ್ಟು ಚೆನ್ನಾಗಿದೆಯೇನೋ?’ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನನಗೂ ಆ ಅನುಮಾನ ಇತ್ತು. ಆದರೂ ಸೆಮಿಸ್ಟರ್ ರಜೆಯಲ್ಲಿ ಆರು ವಾರಗಳ ಸ್ವಯಂಸೇವಾ ಕಾರ್ಯಕ್ರಮಕ್ಕೆ ಸೇರಿ, ಆಗಸ್ಟ್‌ನಲ್ಲಿ ದನಾಂಗ್ ನಗರಕ್ಕೆ ಹೋದೆ. ಸಂಬಳ ಇಲ್ಲ, ಕೋಣೆ ಮತ್ತು ಎರಡು ಹೊತ್ತಿನ ಊಟ. ಸಂಜೆ ಹದಿನೆಂಟು ಮಕ್ಕಳಿಗೆ ಇಂಗ್ಲಿಷ್ ಮಾತಾಡಿಸುವುದು ನನ್ನ ಕೆಲಸ.

ಅಲ್ಲಿನ ಮಕ್ಕಳು ಇಂಗ್ಲಿಷ್ ಪದಗಳ ಬಾಲ ನುಂಗುತ್ತಾರೆ. ನೈಸ್, ನೈಫ್ ಎರಡೂ ‘ನೈ’. ನಾವೋ, ಬಸ್ಸು, ಕಾರು, ಪೆನ್ನು ಎಂದು ಬಾಲ ಅಂಟಿಸುವವರು! ಅವರ ಭಾಷೆ ಹಿಡಿಯಲು ಹೋದರೆ ನಗೆಪಾಟಲಾಗುವ ಸರದಿ ನನ್ನದು. ‘ಮ’ ಎಂಬ ಒಂದೇ ಅಕ್ಷರವನ್ನು ಆರು ರಾಗದಲ್ಲಿ ಹೇಳಿದರೆ ಆರು ಅರ್ಥ. ದೆವ್ವ, ಅಮ್ಮ, ಆದರೆ, ಗೋರಿ, ಕುದುರೆ, ಭತ್ತದ ಸಸಿ!

ನಗು ಹೆಚ್ಚು ದಿನ ಉಳಿಯಲಿಲ್ಲ. ‘ಇಂಗ್ಲೆಂಡ್, ಅಮೆರಿಕದವರು ಯಾರೂ ಸಿಗಲಿಲ್ಲವೇ?’ ಎಂದು ಒಬ್ಬ ತಾಯಿ ಬಂದು ಕೇಳಿದರು. ಎರಡೇ ವಾರದಲ್ಲಿ ಹದಿನೆಂಟು ಮಕ್ಕಳು ಹನ್ನೊಂದಾದರು. ಬೇಗ ವಾಪಸ್ ಹೋಗಿಬಿಡೋಣವೆಂದು ರಾತ್ರಿ ಮೊಬೈಲ್‌ನಲ್ಲಿ ವಿಮಾನದ ಟಿಕೆಟ್ ದರ ನೋಡುತ್ತಿದ್ದೆ.

ಅಷ್ಟರಲ್ಲಿ ಸೆಪ್ಟೆಂಬರ್ 2ರ ರಜೆ ಬಂತು. 1945ರಲ್ಲಿ ಹೋ ಚಿ ಮಿನ್ ಹನೋಯಿಯಲ್ಲಿ ಸ್ವಾತಂತ್ರ್ಯ ಘೋಷಿಸಿದ ದಿನ ಅದು. ನಮಗೆ ಆಗಸ್ಟ್ 15 ಇದ್ದಂತೆ. ಬೀದಿ ತುಂಬ ಹಳದಿ ನಕ್ಷತ್ರದ ಕೆಂಪು ಬಾವುಟಗಳು. ತರಗತಿಯಲ್ಲಿ ನನಗೆ ನೆರವಾಗುತ್ತಿದ್ದ ಅಲ್ಲಿನ ಕಾಲೇಜು ಹುಡುಗ ‘ನಿಮ್ಮ ದೇವರನ್ನು ತೋರಿಸ್ತೀನಿ, ಬಾ’ ಎಂದು ಸ್ಕೂಟರ್ ಹತ್ತಿಸಿಕೊಂಡ.

ಮೊದಲ ರಾತ್ರಿ ಹೋಯ್ ಆನ್‌ನಲ್ಲಿ. ಹಳೇ ಪೇಟೆಯ ಬೀದಿಗಳಲ್ಲಿ ಬಣ್ಣಬಣ್ಣದ ಗೂಡುದೀಪ. ಅಲ್ಲಿ ‘ಚೈ’ ಎಂದರೆ ಚಹಾ ಅಲ್ಲ, ಸಸ್ಯಾಹಾರ. ಆ ಒಂದು ಪದ ನನ್ನ ಹೊಟ್ಟೆ ಕಾಯಿತು. ಮರುದಿನ ಬೆಳಿಗ್ಗೆ ದನಾಂಗ್‌ನಿಂದ ಸುಮಾರು 70 ಕಿ.ಮೀ. ದೂರದ ಮಿ ಸನ್ ತಲುಪಿದೆವು.

ಸುತ್ತ ಗುಡ್ಡ, ನಡುವೆ ಕೆಂಪು ಇಟ್ಟಿಗೆಯ ಶಿವಾಲಯಗಳು. ಚಂಪಾ ರಾಜರು ಇಲ್ಲಿ ನಾಲ್ಕನೇ ಶತಮಾನದಿಂದ ಹಲವು ನೂರು ವರ್ಷ ಕಟ್ಟುತ್ತಲೇ ಇದ್ದರು. ಮೊದಲ ಗುಡಿ ಕಟ್ಟಿಸಿದ ಅರಸನ ಹೆಸರು ಭದ್ರವರ್ಮ, ದೇವರ ಹೆಸರು ಭದ್ರೇಶ್ವರ. ಇಟ್ಟಿಗೆಗಳ ನಡುವೆ ಗಾರೆ ಕಣ್ಣಿಗೇ ಬೀಳುವುದಿಲ್ಲ. ಅವನ್ನು ಹೇಗೆ ಬೆಸೆದರು ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಸಂದಿನಲ್ಲಿ ಉಗುರು ತೂರಿಸಲು ನೋಡಿದೆ, ಆಗಲಿಲ್ಲ.

1969ರಲ್ಲಿ ಅಮೆರಿಕದ ಬಾಂಬುಗಳು ಇಲ್ಲಿನ ಅತಿ ಎತ್ತರದ ಗೋಪುರವನ್ನು ಕೆಡವಿದವು. ಬಾಂಬ್ ಬಿದ್ದ ಗುಂಡಿಗಳಲ್ಲಿ ಈಗ ಹುಲ್ಲು ಬೆಳೆದಿದೆ. ಜೀರ್ಣೋದ್ಧಾರಕ್ಕೆ ಬಂದ ನಮ್ಮ ಪುರಾತತ್ವ ಸರ್ವೇಕ್ಷಣ ಇಲಾಖೆಯವರಿಗೆ 2020ರಲ್ಲಿ ಒಂಬತ್ತನೇ ಶತಮಾನದ ಏಕಶಿಲಾ ಲಿಂಗವೊಂದು ಸಿಕ್ಕಿತು. ಇದನ್ನೆಲ್ಲ ಗೆಳೆಯ ತನ್ನ ಹರುಕು ಇಂಗ್ಲಿಷ್‌ನಲ್ಲಿ, ಕೈ ಸನ್ನೆಯಲ್ಲಿ ವಿವರಿಸಿದ. ಸಂಸ್ಕೃತ ಶಾಸನದ ಕಲ್ಲು ತೋರಿಸಿ ‘ಓದು’ ಎಂದ. ಆ ಲಿಪಿ ನನಗೆ ಬರುವುದಿಲ್ಲ. ಅದೂ ಕನ್ನಡ ಲಿಪಿಯಂತೆ ಬ್ರಾಹ್ಮಿಯಿಂದಲೇ ಬಂದದ್ದು ಎಂದಷ್ಟೇ ಹೇಳಿ, ಅವನ ಹೆಸರನ್ನು ಕನ್ನಡದಲ್ಲಿ ಬರೆದುಕೊಟ್ಟೆ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡ.

ಮರಳುವಾಗ ಎಳನೀರು ಕುಡಿಯುತ್ತಾ ಅವನು ಹೇಳಿದ: ‘ನಾನು ಇಷ್ಟು ಹೊತ್ತು ಇಂಗ್ಲಿಷ್ ಮಾತಾಡಿದ್ದು ಇದೇ ಮೊದಲು. ಹುಟ್ಟಾ ಇಂಗ್ಲಿಷ್ ಮಾತಾಡುವವರ ಮುಂದೆ ನನ್ನ ಬಾಯಿ ಕಟ್ಟುತ್ತೆ. ನೀನೂ ಕಲಿತವನೇ ಅಲ್ವಾ?’

ಆ ಮಾತು ನನ್ನೊಳಗಿನ ಗಂಟು ಬಿಡಿಸಿತು. ಸಂಸ್ಕೃತ ಚಂಪಾ ಜನರ ಮನೆಮಾತಾಗಿರಲಿಲ್ಲ. ಆದರೂ ತಮ್ಮ ಕಥೆಯನ್ನು ಕಲ್ಲಿನಲ್ಲಿ ಬರೆಯಲು ಅದನ್ನು ಬಳಸಿಕೊಂಡರು. ಇಂಗ್ಲಿಷ್ ಕೂಡ ನನ್ನದೂ ಅಲ್ಲ, ಅವನದೂ ಅಲ್ಲ. ಅದಕ್ಕೇ ಇಬ್ಬರಿಗೂ ಅಂಜಿಕೆ ಇರಲಿಲ್ಲ.

ಸೋಮವಾರ ಪುಸ್ತಕ ಮುಚ್ಚಿಟ್ಟು, ‘ನನಗೆ ನಿಮ್ಮೂರು ಗೊತ್ತಿಲ್ಲ, ತೋರಿಸಿ’ ಎಂದೆ. ಬಾಯೇ ಬಿಡದಿದ್ದ ಹುಡುಗಿಯೊಬ್ಬಳು ವಾರಾಂತ್ಯದ ರಾತ್ರಿ ಬೆಂಕಿ ಉಗುಳುವ ಡ್ರ್ಯಾಗನ್ ಸೇತುವೆಯ ಚಿತ್ರ ಬರೆದು, ನಾಲ್ಕು ವಾಕ್ಯ ಹೇಳಿದಳು. ‘ಬ್ರಿಜ್’ ಎಂಬುದರ ಬಾಲ ಅಂದೂ ಇರಲಿಲ್ಲ. ಸೇತುವೆ ಮಾತ್ರ ಎಲ್ಲರಿಗೂ ಕಂಡಿತು. ನಾನು ಹೊರಡುವ ಹೊತ್ತಿಗೆ ಹನ್ನೊಂದು ಮಕ್ಕಳು ಹದಿಮೂರಾಗಿದ್ದರು. ಆ ತಾಯಿ ಮಗನನ್ನು ಮತ್ತೆ ಕಳಿಸಲಿಲ್ಲ. ಇರಲಿ.

ಹೊರದೇಶದಲ್ಲಿ ಇಂಗ್ಲಿಷ್ ಕಲಿಸುವ ಆಸೆ ಇರುವ ಗೆಳೆಯರಿಗೆ ಒಂದು ಮಾತು. ವಿಯೆಟ್ನಾಂನಲ್ಲಿ ಸಂಬಳದ ಬೋಧನೆಗೆ ಪದವಿ, ಬೋಧನಾ ಪ್ರಮಾಣಪತ್ರ, ವರ್ಕ್ ಪರ್ಮಿಟ್ ಬೇಕು. ಸ್ವಯಂಸೇವೆಗೆ ಹೋಗುವುದಾದರೂ ವೀಸಾ, ಊಟ, ವಸತಿಯ ಷರತ್ತುಗಳನ್ನು ಬರಹದಲ್ಲಿ ಪಡೆದುಕೊಳ್ಳಿ. ಕ್ಯಾಂಪಸ್ ಸಂದರ್ಶನದಲ್ಲಿ ಇಂಗ್ಲಿಷ್ ಎಂದರೆ ಬೆವರುವ ನಮ್ಮಂಥವರು ಉಚ್ಚಾರಣೆಗೆ ನಾಚಿ ಬಾಯಿ ಮುಚ್ಚಿಕೊಂಡು ಕೂರುವುದು ಬೇಡ. ಹೇಳಲು ನಮ್ಮದೇ ಆದ ವಿಷಯವೊಂದಿದ್ದರೆ, ಕೇಳುವವರು ಬಸ್ಸು, ಕಾರುಗಳ ಬಾಲ ಎಣಿಸುವುದಿಲ್ಲ.