ಕಡಕೋಳದ ಪದ, ಕುರಕುಂಟಾದ ಧಾಟಿ

ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ಎಡಿಸನ್ ಫೋನೋಗ್ರಾಫ್ ಕಂಡುಹಿಡಿದು ಅಷ್ಟೊತ್ತಿಗೆ 12 ವರ್ಷವಾಗಿತ್ತು. ಆದರೆ ಗ್ರಾಮಫೋನ್ ಕಂಪನಿಯವರು ಭಾರತಕ್ಕೆ ಬಂದು ಇಲ್ಲಿನ ಹಾಡುಗಾರರ ದನಿಯನ್ನು ತಟ್ಟೆಗಿಳಿಸಿದ್ದು 1902ರಲ್ಲಿ. ಹೀಗಾಗಿ ಷರೀಫರು ತಮ್ಮ ಪದವನ್ನು ಯಾವ ಧಾಟಿಯಲ್ಲಿ ಹಾಡುತ್ತಿದ್ದರು, ಎಲ್ಲಿ ಎಳೆಯುತ್ತಿದ್ದರು, ಎಲ್ಲಿ ತಟ್ಟನೆ ನಿಲ್ಲಿಸುತ್ತಿದ್ದರು ಎಂಬುದು ಯಾವ ಯಂತ್ರದಲ್ಲೂ ಉಳಿದಿಲ್ಲ. ಅವರಿಗಿಂತ ಹಿರಿಯರಾದ, ನಮ್ಮದೇ ಕಲಬುರಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಮಾತಂತೂ ಹೇಳುವುದೇ ಬೇಡ. ಹಾಗಿದ್ದೂ ಕುರಕುಂಟಾ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಭಜನಾ ಮೇಳಗಳಲ್ಲಿ ತತ್ವಪದ ಇವತ್ತಿಗೂ ನಿಂತಿಲ್ಲ. ಅಮಾವಾಸ್ಯೆಯ ರಾತ್ರಿ ಮಠದಲ್ಲೋ ಹನುಮಂತದೇವರ ಗುಡಿಯಲ್ಲೋ ಹಾಡಿದ್ದನ್ನು ಯಾರೋ ಫೋನಿನಲ್ಲಿ ಹಿಡಿಯುತ್ತಾರೆ. ಬೆಳಗಾಗುವುದರೊಳಗೆ ಅದು ಹೈದರಾಬಾದು, ಮುಂಬೈ, ಪುಣೆಗಳಲ್ಲಿ ದುಡಿಯುವ ಊರವರ ವಾಟ್ಸ್‌ಆ್ಯಪ್‌ಗೆ ತಲುಪಿರುತ್ತದೆ. ಪ್ರೀತಿಯ ಕವಿಯ ಪದವನ್ನು ಅಭಿಮಾನಿಗಳು ತಮ್ಮ ದನಿಯಲ್ಲಿ ಹಾಡಿ ಹಂಚಿಕೊಳ್ಳುವ ಈ ರೂಢಿಗೆ ಪೇಟೆಯವರು ‘ಕವರ್’ ಎನ್ನುತ್ತಾರೆ, ಅದನ್ನು ಇಂಟರ್‌ನೆಟ್ಟಿನ ಜೊತೆಗೆ ಬಂದದ್ದು ಎಂದುಕೊಳ್ಳುತ್ತಾರೆ. ನನ್ನ ತಿಳಿವಳಿಕೆಯಲ್ಲಿ ನಡೆದದ್ದು ಇದರ ತಿರುವುಮುರುವು. ನಮ್ಮ ಸೀಮೆಯಲ್ಲಿ ಪದ ಬದುಕಿದ್ದೇ ಇನ್ನೊಬ್ಬರು ಹಾಡಿದ್ದರಿಂದ. ಆ ಬದುಕಿಗೆ ಬೇಕಾದ ಏರ್ಪಾಡನ್ನು ಪದಕಾರರು ಪದದೊಳಗೇ ಕಟ್ಟಿಟ್ಟಿದ್ದರು. ಈಗ ಸಡಿಲವಾಗುತ್ತಿರುವುದು ಆ ಏರ್ಪಾಡು.

ಮಡಿವಾಳಪ್ಪನವರ ಕಾಲ ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯ ಶತಮಾನದ ಮೊದಲರ್ಧ. ಹುಟ್ಟಿದ್ದು ಅಫಜಲಪುರ ತಾಲ್ಲೂಕಿನ ಬಿದನೂರು, ನೆಲೆ ನಿಂತದ್ದು ಕಡಕೋಳ. ಹಿಂದೆ ಜೇವರ್ಗಿ ತಾಲ್ಲೂಕಿಗೆ ಸೇರಿದ್ದ ಆ ಊರು ಈಗ ಯಡ್ರಾಮಿ ತಾಲ್ಲೂಕಿನಲ್ಲಿದೆ. ಅವರ ಸುತ್ತ ಕೂಡಿದವರನ್ನು ನೋಡಿದರೆ ಪದ ಹೇಗೆ ಊರೂರು ಸುತ್ತಿತೆಂಬುದು ಅರ್ಧ ತಿಳಿಯುತ್ತದೆ: ಚನ್ನೂರು ಜಲಾಲಸಾಹೇಬರು, ತೆಲಗಬಾಳ ರೇವಪ್ಪನವರು, ಖೈನೂರು ಕೃಷ್ಣಪ್ಪನವರು. ಒಬ್ಬೊಬ್ಬರದು ಒಂದೊಂದು ಜಾತಿ, ಒಂದೊಂದು ಊರು. ಇವರು ಗುರುವಿನ ಪದ ಹಾಡಿದರು, ತಾವೂ ಕಟ್ಟಿದರು, ಒಬ್ಬರದನ್ನು ಇನ್ನೊಬ್ಬರ ಊರಿಗೆ ಒಯ್ದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮಡಿವಾಳಪ್ಪನವರ ಮೊದಲ ಅಭಿಮಾನಿ ಬಳಗ ಇದೇ, ಮತ್ತು ಆ ಬಳಗದಲ್ಲಿ ಕೇಳುಗ, ಹಾಡುಗ, ಕವಿ ಎಂಬ ಬೇಲಿ ಇರಲಿಲ್ಲ.

ಇವರೆಲ್ಲರ ಪದಗಳಿಗೂ ಒಂದೇ ಮೈಕಟ್ಟು. ಮೊದಲು ಪಲ್ಲವಿ, ಆಮೇಲೆ ಮೂರೋ ನಾಲ್ಕೋ ಐದೋ ನುಡಿ, ಕೊನೆಯ ನುಡಿಯಲ್ಲಿ ಅಂಕಿತ. ಮಡಿವಾಳಪ್ಪನವರಲ್ಲಿ ಅದು ಗುರು ಮಹಾಂತನ ಹೆಸರು, ಷರೀಫರಲ್ಲಿ ಶಿಶುನಾಳಧೀಶ. ವಚನಕಾರರಿಂದ, ಹರಿದಾಸರಿಂದ ಬಂದ ಪದ್ಧತಿಯಿದು. ಇದನ್ನು ಬರೀ ಭಕ್ತಿಯ ಸಂಪ್ರದಾಯವೆಂದು ನೋಡಿ ಸುಮ್ಮನಾಗುತ್ತೇವೆ. ಅದರಿಂದಾದ ಕೆಲಸವನ್ನು ಗಮನಿಸಬೇಕು. ಕಡಕೋಳದಲ್ಲಿ ಹುಟ್ಟಿದ ಪದ ಭೀಮೆಯ ದಂಡೆ ಬಿಟ್ಟು ಕಾಗಿಣೆಯ ದಂಡೆಗೆ ಬರುವಾಗ ಧಾಟಿ ಬದಲಾಗಬಹುದು, ತಾಳ ಬದಲಾಗಬಹುದು, ಹಾಡುವವನಿಗೆ ಕವಿ ಯಾರೆಂಬುದೇ ಗೊತ್ತಿರದೆ ಹೋಗಬಹುದು. ಆದರೆ ಪದ ಮುಗಿಸಬೇಕಾದರೆ ಅಂಕಿತ ನುಡಿಯಲೇಬೇಕು. ಪುಸ್ತಕದ ರಕ್ಷಾಪುಟ ಹರಿದು ಹೋದೀತು, ಅಂಕಿತ ಹರಿಯದು. ಅದು ಪ್ರಾಸದಲ್ಲಿ ಹೆಣೆದುಕೊಂಡಿರುತ್ತದೆ.

ಹಳೆಯ ಮೇಳಗಳ ಪದದ ವಹಿಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಿರಾಣಿ ಅಂಗಡಿಯ ಖಾತೆಯ ಹಾಗೆ ಉದ್ದನೆಯ ಪುಸ್ತಕ, ಬಟ್ಟೆಯ ಬೆನ್ನು, ಎಣ್ಣೆ ಕೈ ತಾಗಿ ಕಂದಿದ ಅಂಚು. ಪದದ ನೆತ್ತಿಯ ಮೇಲೆ ‘ಧಾಟಿ’ ಎಂದು ಬರೆದು ಮುಂದೆ ಬೇರೊಂದು ಪದದ, ಎಷ್ಟೋ ಸಲ ಸಿನಿಮಾ ಹಾಡಿನ ಮೊದಲ ಸಾಲು. ಪಲ್ಲವಿಯನ್ನು ಒಮ್ಮೆ ಬರೆದು ಮುಂದಿನ ಪ್ರತಿ ನುಡಿಯ ತುದಿಗೆ ಬರೀ ಪಲ್ಲವಿಯ ಮೊದಲ ಶಬ್ದ. ನುಡಿಗೆ 1, 2, 3 ಎಂದು ಅಂಕಿ. ಎಲ್ಲವನ್ನೂ ಮೊಟಕು ಮಾಡುವ ಈ ಬರಹದಲ್ಲಿ ಅಂಕಿತದ ಸಾಲೊಂದೇ ಪೂರ್ತಿ. ಹಾಡುವಾಗಲೂ ಹಾಗೆಯೇ. ಮುಂದಿನವ ಒಂದು ಸಾಲು ಎತ್ತುತ್ತಾನೆ, ಹಿಮ್ಮೇಳದವರು ತಿರುಗಿ ಹೇಳುತ್ತಾರೆ; ಏಕತಾರಿ, ದಮ್ಮಡಿ, ತಾಳ, ಪೇಟಿ ಮೆಲ್ಲಗೆ ಶುರುವಾಗಿ ನುಡಿಯಿಂದ ನುಡಿಗೆ ಬಿರುಸಾಗುತ್ತವೆ. ಅಂಕಿತ ಬರುವ ಹೊತ್ತಿಗೆ ಗುಂಪಿಗೆ ಗುಂಪೇ ದನಿಗೂಡಿಸಿರುತ್ತದೆ. ಪದ ಪೂರ್ತಿ ಬಾರದವರಿಗೂ ಆ ಸಾಲು ಬರುತ್ತದೆ.

ಈ ಬಾಯಿ-ವಹಿಗಳ ಹಾದಿ ನಮ್ಮ ಭಾಗಕ್ಕೆ ಎಷ್ಟು ಮುಖ್ಯವಾಗಿತ್ತೆಂದು ಅರಿಯಲು ಇಲ್ಲಿನ ಚರಿತ್ರೆ ನೆನೆಯಬೇಕು. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇದೇ ಸೇಡಂ ತಾಲ್ಲೂಕಿನ ಮಳಖೇಡ. ಕವಿರಾಜಮಾರ್ಗ ಹುಟ್ಟಿದ ನೆಲ. ಅದೇ ನೆಲ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಕಚೇರಿಯ ಭಾಷೆ ಉರ್ದು, ಶಾಲೆಗಳೇ ಕಡಿಮೆ, ಕನ್ನಡದ ಕಲಿಕೆ ಇನ್ನೂ ಕಡಿಮೆ. 1956ರ ನವೆಂಬರ್ 1ರಂದು ಈ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರುವ ತನಕ ಹಳ್ಳಿಯ ರೈತನ, ಶಹಾಬಾದಿನ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸುವವನ ಕಿವಿಗೆ ಬಿದ್ದ ಕನ್ನಡ ಕಾವ್ಯದ ಬಹುಪಾಲು ಬಂದದ್ದು ಭಜನೆಯಿಂದ, ಬಯಲಾಟದಿಂದ, ಮೊಹರಂ ಅಲಾಯಿಯ ಮುಂದೆ ಹಾಡುವ ರಿವಾಯತ್ ಪದಗಳಿಂದ. ಅಚ್ಚಿನ ಪುಸ್ತಕ ತಲುಪದ ಕಡೆಗೂ ಕವಿಯನ್ನು ಮುಟ್ಟಿಸಿದವರು ಅವನ ಪದ ಹಾಡಿದ ಅಭಿಮಾನಿಗಳೇ.

ಧಾಟಿಯ ವಿಚಾರಕ್ಕೆ ಬರೋಣ. ಕುರಕುಂಟಾದಲ್ಲಿ ರೈಲು ಹತ್ತಿದರೆ ತೆಲಂಗಾಣದ ತಾಂಡೂರು ದೂರವೇನಲ್ಲ. ವಾಡಿಯಿಂದ ಸಿಕಂದರಾಬಾದಿಗೆ ಹೋಗುವ ಈ ಹಳಿ ಹಾಕಿದ್ದು 1874ರಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ದರ್ಗಾದಲ್ಲಿ ದಖ್ಖನಿ ಆಡುವ ಊರುಗಳಿವು. ಪೋತುಲೂರಿ ವೀರಬ್ರಹ್ಮೇಂದ್ರರ ತತ್ವ ಕೇಳಿ ಬೆಳೆದ ಕಿವಿ ಮಡಿವಾಳಪ್ಪನವರ ಪದವನ್ನು ಎತ್ತಿಕೊಂಡಾಗ ಅದರಲ್ಲಿ ತೆಲುಗಿನ ಎಳೆತ ಬರುವುದು ಸಹಜ. ಯಡ್ರಾಮಿಯ ಕಡೆಯವರಿಗೆ ಅದು ಬೇರೆ ಅನ್ನಿಸೀತು, ತಪ್ಪು ಅನ್ನಿಸಬೇಕಿಲ್ಲ. ಪುರಂದರದಾಸರ ಪದಗಳಿಗೆ ಅವರೇ ಹಾಕಿದ ಧಾಟಿಗಳು ಬಹುಮಟ್ಟಿಗೆ ಕಳೆದುಹೋಗಿವೆ ಎಂದು ವಿದ್ವಾಂಸರೇ ಒಪ್ಪುತ್ತಾರೆ. ಹಾಗೆಂದು ಆ ಪದಗಳು ಬಡವಾಗಲಿಲ್ಲ. ದಕ್ಷಿಣದವರು ಕರ್ನಾಟಕ ಸಂಗೀತದ ರಾಗಗಳಲ್ಲಿ ಹಾಡಿದರು, ಗದುಗಿನ ನೆಲದ ಭೀಮಸೇನ ಜೋಶಿ ‘ದಾಸವಾಣಿ’ಯಲ್ಲಿ ಅವನ್ನೇ ಹಿಂದೂಸ್ತಾನಿಗೆ ತಂದರು. ಯಾವುದು ಮೂಲ ಎಂದು ಕೇಳುವವರಿಲ್ಲ.

ಕೇಳುವವರು ಹುಟ್ಟಿಕೊಂಡದ್ದು ಕ್ಯಾಸೆಟ್ ಬಂದ ಮೇಲೆ. 1960ರ ದಶಕದಲ್ಲಿ ಶುರುವಾದ ಕಲಬುರಗಿ ಆಕಾಶವಾಣಿ ಊರಿನ ದನಿಗಳನ್ನು ಗಾಳಿಗೆ ಬಿಟ್ಟಿತ್ತು, ಆದರೆ ಬಾನುಲಿಯ ಹಾಡು ಒಮ್ಮೆ ಕೇಳಿ ಹೋಗುವಂಥದ್ದು. ಕ್ಯಾಸೆಟ್ ಹಾಗಲ್ಲ, ಅದು ಹತ್ತು ಸಲ ತಿರುವಿ ಕಲಿಯಬಹುದಾದ ಮೇಷ್ಟ್ರು. ಸಿ. ಅಶ್ವತ್ಥ್ ಸ್ವರ ಹಾಕಿ, ಅವರು ಮತ್ತು ಶಿವಮೊಗ್ಗ ಸುಬ್ಬಣ್ಣ ಹಾಡಿದ ಷರೀಫರ ಪದಗಳು ಮನೆಮನೆ ಹೊಕ್ಕವು. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಬಂತು. ರಾಷ್ಟ್ರೀಯ ಭಾವೈಕ್ಯದ ನರ್ಗಿಸ್ ದತ್ ಪ್ರಶಸ್ತಿಯೂ ಬಂತು. ಅದರ ಸಂಗೀತವೂ ಅಶ್ವತ್ಥ್ ಅವರದೇ. ಮುಂದೆ ರಘು ದೀಕ್ಷಿತ್ ಗಿಟಾರ್ ಹಿಡಿದು ಷರೀಫರನ್ನು ಹೊಸ ಹುಡುಗರ ಕಿವಿಗೆ ಮುಟ್ಟಿಸಿದರು. ಇವರ ಉಪಕಾರ ದೊಡ್ಡದು. ಆದರೆ ಇದರ ಜೊತೆಗೇ ಒಂದು ಎಣಿಸದ ಪರಿಣಾಮವೂ ಆಯಿತು: ಷರೀಫರ ಪದಕ್ಕೆ ‘ಸರಿಯಾದ’ ಧಾಟಿ ಎಂಬುದೊಂದು ಹುಟ್ಟಿತು. ಧಾರವಾಡ ಸೀಮೆಯ ಮೇಳದವರು ಅಜ್ಜನ ಕಾಲದಿಂದ ಹಾಡಿದ ಧಾಟಿ ಕೇಳಿ ‘ಇದು ಅಶ್ವತ್ಥರ ಹಾಗಿಲ್ಲ’ ಎನ್ನುವವರಿದ್ದಾರೆ. ಅಶ್ವತ್ಥ್ ಮಾಡಿದ್ದೂ ಷರೀಫರ ಪದದ ಇನ್ನೊಂದು ಹಾಡಿಕೆಯೇ ಎಂಬುದು, ಅದು ಅಷ್ಟು ಚೆನ್ನಾಗಿದ್ದುದರಿಂದಲೇ, ಮರೆತುಹೋಯಿತು.

ಮಡಿವಾಳಪ್ಪನವರಿಗೆ ಅಂಥ ಅಶ್ವತ್ಥ್ ಒಬ್ಬರು ಸಿಗಲಿಲ್ಲ ಎಂದು ಮರುಗುವವರುಂಟು. ರಾಜ್ಯದ ಆ ತುದಿಯಲ್ಲಿ ಅವರ ಹೆಸರು ಷರೀಫರಷ್ಟು ಕೇಳಿಬರುವುದಿಲ್ಲ ಎಂಬುದು ನಿಜ. ಆ ನೋವು ನನಗೂ ಇದೆ. ಆದರೂ ಅವರ ಪದಕ್ಕೆ ಇವತ್ತಿಗೂ ಊರಿಗೊಂದು ಧಾಟಿ ಉಳಿದಿರುವುದು ಯಾವ ಒಂದು ಧಾಟಿಯೂ ಉಳಿದವನ್ನು ನುಂಗದೆ ಇದ್ದುದರಿಂದ. ಕಾನೂನಿನ ದೃಷ್ಟಿಯಿಂದಲೂ ಇದು ಸಣ್ಣ ಸಂಪತ್ತಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಉಳಿಯುವುದು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಮಡಿವಾಳಪ್ಪ, ಷರೀಫರ ಸಾಹಿತ್ಯ ಎಂದೋ ಎಲ್ಲರದಾಗಿದೆ. ಅಶ್ವತ್ಥ್ ತೀರಿಕೊಂಡದ್ದು 2009ರ ಡಿಸೆಂಬರಿನಲ್ಲಿ. ಅವರು ಕಟ್ಟಿದ ಸ್ವರಕ್ಕೆ 2069ರ ಕೊನೆಯವರೆಗೆ ಹಕ್ಕಿದೆ. 2012ರಲ್ಲಿ ಸೇರಿಸಿದ 31ಸಿ ಕಲಮು ಕವರ್ ಧ್ವನಿಮುದ್ರಣಕ್ಕೆ ದಾರಿ ಬಿಡುತ್ತದೆ, ಆದರೆ ಮೊದಲ ಮುದ್ರಣದ ನಂತರ ಐದು ವರ್ಷ ಕಾಯಬೇಕು, ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು, ಇದು ಕವರ್ ಎಂದು ಹೊದಿಕೆಯ ಮೇಲೆ ಬರೆಯಬೇಕು. ಸೇಡಂ ಸೀಮೆಯ ಮೇಳಕ್ಕೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಅಜ್ಜನ ಧಾಟಿಯಲ್ಲಿ ಹಾಡಿದರೆ ಯಾರಿಗೂ ಏನೂ ಕೊಡಬೇಕಿಲ್ಲ. ಅದು ಹುಲ್ಲುಗಾವಲಿನಂತೆ ಊರೊಟ್ಟಿನದು.

ಇದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ: ಹೀಗೆ ಯಾರು ಬೇಕಾದರೂ ಹೇಗೆ ಬೇಕಾದರೂ ಹಾಡಿದರೆ ಪಾಠ ಕೆಡುವುದಿಲ್ಲವೆ? ಕೆಡುತ್ತದೆ. ಶಬ್ದ ಅಪಭ್ರಂಶವಾಗಿದೆ, ಒಂದು ಪದದ ನುಡಿ ಇನ್ನೊಂದಕ್ಕೆ ಅಂಟಿದೆ. ಕಲಬುರಗಿಯ ಮೀನಾಕ್ಷಿ ಬಾಳಿ ಅವರಂಥವರು ಮಡಿವಾಳಪ್ಪ ಮತ್ತು ಶಿಷ್ಯರ ಪದಗಳನ್ನು ಕೂಡಿಸಿ ಪಾಠ ನೋಡಿದ್ದು ಎಂಥ ದುಡಿಮೆ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಸಂತಕವಿ ಕನಕದಾಸ ಅಧ್ಯಯನ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟ ಸಂಪುಟವಾಗಿ ಹೊರತಂದದ್ದೂ ಅಂಥದೇ ಕೆಲಸ. ಆದರೆ ಈ ವಿದ್ವಾಂಸರು ಪದ ಹುಡುಕಿಕೊಂಡು ಹೋದದ್ದು ಎಲ್ಲಿಗೆ? ಹಾಡುವವರ ಬಾಯಿಗೆ, ಅವರ ವಹಿಗೆ. ಕೆಡಿಸಿದವರೇ ಉಳಿಸಿದವರೂ ಹೌದು. ಹತ್ತು ಮೇಳ ಹತ್ತು ತರಹ ಹಾಡಿದ್ದರಿಂದಲೇ ಪಾಠಗಳನ್ನು ಎದುರುಬದುರು ಇಟ್ಟು ನೋಡುವುದು ಸಾಧ್ಯವಾಯಿತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿ. ತತ್ವಪದ ಗುರು-ಶಿಷ್ಯರ ನಡುವಿನ ಸಾಧನೆಯ ಮಾತು, ಅದನ್ನು ಫೋನಿಗೆ ಹಾಕಿ ಲೈಕು ಎಣಿಸುವುದು ಎಷ್ಟು ಸರಿ ಎಂದು ಮಠದ ಹಿರಿಯರು ಕೇಳುತ್ತಾರೆ. ಬೆಡಗಿನ ಪದದ ಒಳಗುಟ್ಟು ಎಲ್ಲರಿಗೂ ಬಿಚ್ಚುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಈ ಪದಕಾರರು ಸಂಸ್ಕೃತ ಬಿಟ್ಟು ಹೊಲ, ಬೀಸುಕಲ್ಲು, ಕುದುರೆ, ಗುಡುಗುಡಿಯ ಮಾತಿನಲ್ಲಿ ಹಾಡಿದ್ದು ಕದ ಮುಚ್ಚಿಕೊಳ್ಳಲಿಕ್ಕಲ್ಲ. ಸತ್ತವರ ಮನೆಯ ಅಂಗಳದಲ್ಲಿ, ಹೆಣ ಎತ್ತುವ ತನಕ, ರಾತ್ರಿಯಿಡೀ ತತ್ವಪದ ಹಾಡುವ ರೂಢಿ ಈ ಕಡೆ ಇದೆ. ಅಲ್ಲಿ ಕೂತವರೆಲ್ಲ ದೀಕ್ಷೆ ಪಡೆದವರಲ್ಲ, ದುಃಖದಲ್ಲಿದ್ದವರು. ಮನೆಯಿಂದ ದೂರವಿದ್ದು, ಮಣ್ಣಿಗೆ ಬರಲಾಗದ ಮಗನಿಗೆ ಆ ಹಾಡು ಫೋನಿನಲ್ಲಿ ಕೇಳಿಸಿದರೆ ಪದದ ಗೌರವ ಕಡಿಮೆಯಾಯಿತೆಂದು ಯಾರೂ ಹೇಳಲಾರರು.

ನನಗೆ ಆತಂಕವಿರುವುದು ಹಂಚಿಕೆಯ ಬಗ್ಗೆ ಅಲ್ಲ, ಕತ್ತರಿಯ ಬಗ್ಗೆ. 2020ರಲ್ಲಿ ಟಿಕ್‌ಟಾಕ್ ನಿಷೇಧವಾದ ಬೆನ್ನಿಗೇ ನಮ್ಮಲ್ಲಿಗೆ ಬಂದ ರೀಲ್ಸ್, ಶಾರ್ಟ್ಸ್ ಎರಡೂ ಮೊದಲು ಕೊಟ್ಟದ್ದು 15 ಸೆಕೆಂಡು. ಅಷ್ಟರಲ್ಲಿ ಪಲ್ಲವಿಯೊಂದು ಸಾಗೀತು. ಹತ್ತು ನಿಮಿಷ ಹಾಡುವ ಪದದ ತಲೆ ಮಾತ್ರ ಊರೂರು ತಿರುಗಿತು, ಅಂಕಿತದ ನುಡಿ ಹಿಂದೆಯೇ ಉಳಿಯಿತು. ಎರಡು ಶತಮಾನ ಧಾಟಿ ಬದಲಾದರೂ, ಭಾಷೆಯ ಎಳೆತ ಬದಲಾದರೂ ಕವಿಯ ಗುರುತು ಹೊತ್ತು ತಂದ ಸಾಲು ಅದು. ಅದಿಲ್ಲದ ಪದ ಯಾರದೋ ಜಾನಪದ ಆಗುತ್ತದೆ, ಇಲ್ಲವೆ ಹೆಚ್ಚು ಹೆಸರಾದವರ ಖಾತೆಗೆ ಜಮಾ ಆಗುತ್ತದೆ. ಷರೀಫರಿಗೆ ಇದರಿಂದ ನಷ್ಟವಿಲ್ಲ. ನಷ್ಟವಾಗುವುದು ಜಲಾಲಸಾಹೇಬರಿಗೆ, ಕೃಷ್ಣಪ್ಪನವರಿಗೆ. ಕ್ಯಾಸೆಟ್ ಕಂಪನಿಗಳು ಹುಡುಕಿ ಬಾರದ ಎಲ್ಲ ಪದಕಾರರಿಗೆ.

ಅಂಕಿತವನ್ನೇ ಅಷ್ಟು ನಂಬಬಹುದೆ ಎಂದು ಕೇಳಬಹುದು. ಒಂದೇ ಗುರುವಿನ ಹೆಸರನ್ನು ಶಿಷ್ಯರೂ ಹಾಕುತ್ತಾರೆ, ಯಾರದೋ ಪದಕ್ಕೆ ದೊಡ್ಡವರ ಅಂಕಿತ ಸೇರಿಸಿದ್ದೂ ಉಂಟು. ನಿಜ, ಅಂಕಿತ ಆಸ್ತಿಯ ಪಹಣಿಯಲ್ಲ. ಈ ಪದಕಾರರು ತಮ್ಮ ಹೆಸರನ್ನು ಮುಂದೆ ಮಾಡದೆ ಗುರುವನ್ನೋ ಊರ ದೇವರನ್ನೋ ಹೆಸರಿಸಿದ್ದೂ ಆಸ್ತಿಯ ಆಸೆಗಲ್ಲ. ಆದರೆ ‘ಮಹಾಂತ’ ಎಂದು ಕೇಳಿದೊಡನೆ ಕಡಕೋಳದ ಕಡೆಗೆ ಕೈ ತೋರಿಸಬಹುದು. ಹುಡುಕುವವರಿಗೆ ದಾರಿ ಸಿಗುತ್ತದೆ. ಪಲ್ಲವಿಯೊಂದೇ ಇದ್ದರೆ ದಾರಿಯೇ ಇಲ್ಲ.

2024ರ ಅಕ್ಟೋಬರಿನಿಂದ ಶಾರ್ಟ್ಸ್‌ಗೆ ಮೂರು ನಿಮಿಷದವರೆಗೆ ಅವಕಾಶವಿದೆ. ಬೆಳಗಿನ ಜಾವ ಹತ್ತಿರವಾದಾಗ ಮೇಳದವರು ನಡುವಿನ ನುಡಿ ಬಿಟ್ಟು ಪಲ್ಲವಿ, ಒಂದು ನುಡಿ, ಅಂಕಿತ ಹಾಡಿ ಮುಗಿಸುವುದುಂಟು. ಮೂರು ನಿಮಿಷಕ್ಕೆ ಅದು ಸರಿಹೊಂದುತ್ತದೆ. ಹಾಕುವಾಗ ಪದಕಾರರ ಊರು, ಹಾಡಿದವರ ಊರು, ಧಾಟಿ ಯಾರಿಂದ ಬಂತು ಎಂಬ ಮೂರು ಮಾತು ಬರೆದರೆ ಸಾಕು. ಅಚ್ಚಾದ ಸಂಪುಟ ಪದವನ್ನು ಹಿಡಿದಿದೆ, ಧಾಟಿಯನ್ನು ಹಿಡಿಯುವುದು ಕಾಗದಕ್ಕೆ ಆಗದ ಕೆಲಸ. 1990ರ ದಶಕದ ಕೊನೆಗೆ ಕುರಕುಂಟಾದ ಸಿಮೆಂಟ್ ಕಾರ್ಪೊರೇಷನ್ ಕಾರ್ಖಾನೆ ನಿಂತುಹೋದ ಮೇಲೆ ಈ ಭಾಗದಿಂದ ದುಡಿಯಲು ಹೊರಟವರ ಮಕ್ಕಳು ಈಗ ಬೇರೆ ಊರುಗಳಲ್ಲಿದ್ದಾರೆ. ಸೇಡಂ ಕಡೆಯ ಧಾಟಿಯನ್ನು ಅವರು ಕೇಳುವುದು, ಕಲಿಯುವುದು ಊರಿನವರು ಹಿಡಿದು ಕಳಿಸುವ ಈ ರೆಕಾರ್ಡಿಂಗ್‌ಗಳಿಂದ.